ಕಾಡ್ಗಿಚ್ಚೂ ಕಾಡಿನ ಕಾವಲುಗಾರನೂ

ಖಾಂಡವವನ ದಹನದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಅಜೀರ್ಣದಿಂದ ನರಳುತ್ತಿದ್ದ ಅಗ್ನಿದೇವನು ಕಾಡನ್ನೇ ಆಹಾರವಾಗಿ ಬೇಡಿದನು. ಕೃಷ್ಣಾರ್ಜುನರು ಕಾಡಿನ ಸುತ್ತ ಕಾವಲು ನಿಂತರು. ಅರ್ಜುನನಿಗೆ ಗಾಂಡೀವ ದೊರೆತದ್ದು ಆ ಸಂದರ್ಭದಲ್ಲಿಯೇ. ಆದರೆ ಅವರದು ಬೆಂಕಿಯ ಪರವಾದ ಕಾವಲು. ಉರಿಯಿಂದ ಒಂದು ಪ್ರಾಣಿಯೂ ತಪ್ಪಿಸಿಕೊಳ್ಳಬಾರದೆಂಬುದೇ ಅವರ ಎಚ್ಚರ. ಈ ಹೊತ್ತು ನಾವು ಹೇಳಹೊರಟಿರುವುದು ಇನ್ನೊಂದು ಬಗೆಯ ಕಾವಲುಗಾರನ ವಿಷಯ. ಇವನು ಕಾಡಿನ ಪರವಾಗಿ ನಿಂತು ಬೆಂಕಿಯನ್ನು ಎದುರಿಸತಕ್ಕವನು. ಇವನನ್ನು ಹಾಡಿ ಹೊಗಳಿದ ಪುರಾಣವಿಲ್ಲ.

ಕೆಲವು ವರ್ಷಗಳ ಹಿಂದೆ, ಫಾಲ್ಗುಣ ಮಾಸದಲ್ಲಿ, ವಿದ್ಯಾರ್ಥಿಗಳೊಡನೆ ನಾವು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಇಳಿದು ಬರುವಾಗ ದಾರಿಯ ಬದಿಯ ಹುಲ್ಲಿನಲ್ಲಿ ಸಣ್ಣ ಉರಿಯೊಂದು ಹರಿದಾಡುತ್ತಿತ್ತು. ನಾಲ್ಕೈದು ಮಂದಿ ಹಸಿ ಸೊಪ್ಪಿನ ಕೊಂಬೆಗಳಿಂದ ಅದನ್ನು ಬಡಿದು ಆರಿಸುತ್ತಿದ್ದರು. ಬೇಸಗೆಯ ಮೂರು ನಾಲ್ಕು ತಿಂಗಳ ಮಟ್ಟಿಗೆ ದಿನಗೂಲಿಗೆ ನೇಮಕವಾದ ಬೆಂಕಿಯ ಕಾವಲುಗಾರರು ಅವರು. "ನಿಮ್ಮ ಆಯುಧ ಇಷ್ಟೇ ಏನಪ್ಪಾ?" ಎಂದು ಒಬ್ಬನನ್ನು ಕೇಳಿದೆವು. ಅವನು ಮುಖದ ಮಸಿಯನ್ನು ಒರಸಿಕೊಂಡು, "ಗಾಳಿ ತಿರುಗದಿದ್ದರೆ ಇಷ್ಟೇ ಸಾಕು, ಸ್ವಾಮಿ" ಎಂದನು. ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ಗಾಳಿ ತಿರುಗಿದರೆ?

ಬೆಂಕಿಗೆ ಬೇಕಾದುವು ಮೂರು: ಉರಿಯತಕ್ಕ ವಸ್ತು, ಗಾಳಿ, ಕಾವು. ಇವುಗಳಲ್ಲಿ ಒಂದನ್ನು ತೆಗೆದರೂ ಬೆಂಕಿ ಸಾಯುತ್ತದೆ. ವಿಶಾಲವಾದ ಕಾಡಿನಲ್ಲಿ ಗಾಳಿಯನ್ನು ತಡೆಯುವುದು ಅಸಾಧ್ಯ. ಕಾವನ್ನು ತಣಿಸುವಷ್ಟು ನೀರು ದೊರೆಯುವುದು ದುರ್ಲಭ. ಆದಕಾರಣ ಉರಿಯ ಮುಂದಿರುವ ಹುಲ್ಲು ತರಗುಗಳನ್ನು ಕೆರೆದು, ಬರಿಯ ನೆಲದ ಪಟ್ಟಿಯೊಂದನ್ನು ಮಾಡುವುದೇ ಉಳಿದ ಉಪಾಯ. ಅದಕ್ಕೆ ಬೆಂಕಿರೇಖೆ ಎಂದು ಹೆಸರು. ಆದರೆ ಬೆಟ್ಟದ ಇಳಿಜಾರಿನಲ್ಲಿ, ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ, ಬೆಂಕಿ ಮನುಷ್ಯನ ಓಟವನ್ನು ಮೀರಿ ಮೇಲಕ್ಕೆ ಏರಬಲ್ಲದು. ಗಾಳಿ ಎದ್ದರೆ ಕಿಡಿಗಳು ರೇಖೆಯನ್ನು ದಾಟಿ ಕಾವಲುಗಾರನ ಬೆನ್ನ ಹಿಂದೆಯೇ ಹೊತ್ತಿಕೊಳ್ಳುತ್ತವೆ.

ಗಾಳಿ ಎದ್ದರೆ ಏನಾಗುವುದೆಂಬುದನ್ನು ಲೋಕಕ್ಕೆ ತೋರಿಸಿದ್ದು ಅಮೆರಿಕದ 1910ನೆಯ ಇಸವಿಯ ಬೆಂಕಿ. ಅಲ್ಲಿನ ಸಂಯುಕ್ತ ಸಂಸ್ಥಾನಗಳ ಅರಣ್ಯ ಇಲಾಖೆ ಹುಟ್ಟಿದ್ದು 1905ರಲ್ಲಿ. ಅದಕ್ಕಿನ್ನೂ ಐದು ವರ್ಷದ ಬಾಲ್ಯ. ಆ ಬೇಸಗೆಯಲ್ಲಿ ಐಡಹೊ ಮತ್ತು ಮೊಂಟಾನ ಪ್ರಾಂತಗಳ ಬೆಟ್ಟಗಾಡು ಮಳೆಯಿಲ್ಲದೆ ಒಣಗಿತ್ತು. ಸಿಡಿಲಿನಿಂದಲೂ ರೈಲಿನ ಕಿಡಿಗಳಿಂದಲೂ ಅಲ್ಲಲ್ಲಿ ನೂರಾರು ಸಣ್ಣ ಬೆಂಕಿಗಳು ಹೊತ್ತಿಕೊಂಡಿದ್ದುವು. ಆಗಸ್ಟ್ 20ರ ಮಧ್ಯಾಹ್ನ ಬಿರುಗಾಳಿ ಎದ್ದಿತು. ಬಿಡಿಬಿಡಿಯಾಗಿದ್ದ ಬೆಂಕಿಗಳೆಲ್ಲ ಕೂಡಿಕೊಂಡುವು. ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಸತ್ತವರು ಎಂಬತ್ತಕ್ಕೂ ಮಿಗಿಲು. ಅವರಲ್ಲಿ 78 ಮಂದಿ ಬೆಂಕಿಯನ್ನು ಆರಿಸಲು ಹೋದವರೇ.

ಆ ದಿನ ವಾಲೇಸ್ ಎಂಬ ಊರಿನ ಬಳಿಯ ಬೆಟ್ಟದಲ್ಲಿ ಎಡ್ವರ್ಡ್ ಪುಲಾಸ್ಕಿ ಎಂಬ ರೇಂಜರು ಸುಮಾರು 45 ಮಂದಿ ಕೆಲಸಗಾರರೊಡನೆ ಉರಿಯ ನಡುವೆ ಸಿಕ್ಕಿಕೊಂಡನು. ಅವನು ಹಿಂದೆ ಗಣಿಯಲ್ಲಿ ಕೆಲಸಮಾಡಿದ್ದವನು. ಆ ಬೆಟ್ಟದ ಮೂಲೆ ಮೂಲೆಯನ್ನೂ ಬಲ್ಲವನು. ಹಳೆಯ ಗಣಿಯ ಸುರಂಗವೊಂದರೊಳಕ್ಕೆ ಎಲ್ಲರನ್ನೂ ನಡೆಸಿಕೊಂಡು ಹೋಗಿ, ಮೊಗ ಕೆಳಗಾಗಿ ಮಲಗುವಂತೆ ಆಜ್ಞೆ ಮಾಡಿದನು. ಭೀತಿಯಿಂದ ಹೊರಕ್ಕೆ ಓಡಬಂದವರನ್ನು ಪಿಸ್ತೂಲು ತೋರಿಸಿ ತಡೆದನು. ಸುರಂಗದ ಬಾಯಿಗೆ ಒದ್ದೆಯ ಕಂಬಳಿಗಳನ್ನು ತೂಗುಹಾಕಿ, ಆಧಾರದ ಮರಗಳು ಹೊತ್ತಿಕೊಂಡಾಗ ತನ್ನ ಟೋಪಿಯಲ್ಲಿ ನೀರು ತುಂಬಿ ತುಂಬಿ ಎರಚಿ, ಕೊನೆಗೆ ತಾನೂ ಮೂರ್ಛೆಹೋದನು. ಬೆಳಗಿನ ಜಾವಕ್ಕೆ ಎಚ್ಚರಗೊಂಡವರಲ್ಲೊಬ್ಬನು, ಬಾಗಿಲಲ್ಲಿ ಬಿದ್ದಿದ್ದ ಯಜಮಾನನು ಸತ್ತನೆಂದೇ ತಿಳಿದು ಹಾಗೆಂದು ಕೂಗಿದನಂತೆ. ಬಿದ್ದಲ್ಲಿಂದಲೇ ಯಜಮಾನನು ಇಲ್ಲವೆಂದು ಗದರಿಸಿದನಂತೆ. ಐವರು ಸುರಂಗದಲ್ಲಿಯೇ ಪ್ರಾಣಬಿಟ್ಟಿದ್ದರು. ಉಳಿದವರು ಬದುಕಿ ಊರು ಸೇರಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ವೀರಕಥೆಯಾಗುತ್ತಿತ್ತು. ಪುಲಾಸ್ಕಿಯ ಕಣ್ಣುಗಳು ಹಾಳಾದುವು, ಶ್ವಾಸಕೋಶ ಕೆಟ್ಟಿತು. ಕೆಲಸದಲ್ಲಿ ಆದ ಈ ನಷ್ಟಕ್ಕೆ ಪರಿಹಾರ ಬೇಡಿದರೆ ಸರ್ಕಾರ ಕೊಡಲಿಲ್ಲ. ಸತ್ತ ಕೆಲಸಗಾರರ ಗೋರಿಗಳಿಗೆ ಗೌರವ ತೋರಿಸಬೇಕೆಂದು ಅವನು ವರ್ಷಗಟ್ಟಲೆ ಕಾಗದ ಬರೆಯಬೇಕಾಯಿತು. ಆ ಸತ್ತವರಾದರೂ ಯಾರು? ಬಹುಮಟ್ಟಿಗೆ ದಿನಗೂಲಿಯವರು, ದೂರದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು. ಕೆಲವರ ಹೆಸರು ಕೂಡ ಯಾರಿಗೂ ತಿಳಿದಿರಲಿಲ್ಲ. ಪುಲಾಸ್ಕಿ ಮತ್ತೆ ಕೆಲಸಕ್ಕೆ ಹೋದನು. ತನ್ನ ಕುಲುಮೆಯಲ್ಲಿ ಕುಳಿತು, ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯಾದ ಉಪಕರಣವೊಂದಕ್ಕೆ ರೂಪ ಕೊಟ್ಟನು. ಮರ ಕಡಿಯಲೂ ನೆಲ ಕೆರೆಯಲೂ ಅದೊಂದೇ ಸಾಕು. ಅವನು 1931ರಲ್ಲಿ ತೀರಿಕೊಂಡನು. ಆ ಉಪಕರಣವನ್ನು ಇಂದಿಗೂ ಪುಲಾಸ್ಕಿ ಎಂದೇ ಕರೆಯುತ್ತಾರೆ. ಅರ್ಜುನನಿಗೆ ಗಾಂಡೀವವನ್ನು ದೇವತೆಗಳು ಕೊಟ್ಟರು. ಇವನು ತನ್ನದನ್ನು ತಾನೇ ಬಡಿದುಕೊಂಡನು.

ಇಷ್ಟು ದೊಡ್ಡ ಅನಾಹುತದಿಂದ ದೇಶವು ಕಲಿತ ಪಾಠ ಯಾವುದು? ಯಾವ ಬೆಂಕಿಯೂ ಕೂಡದು ಎಂಬುದು. 1935ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಒಂದು ನಿಯಮವನ್ನು ಮಾಡಿತು: ಯಾವುದೇ ಬೆಂಕಿಯನ್ನು, ಅದು ಕಂಡ ಮರುದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ಹಿಡಿತಕ್ಕೆ ತರತಕ್ಕದ್ದು. ಕೇಳುವುದಕ್ಕೆ ಇದು ವಿವೇಕವೆಂದೇ ತೋರುತ್ತದೆ. ಆದರೆ ಒಣಭೂಮಿಯ ಅನೇಕ ಪೈನ್ ಕಾಡುಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ನೆಲದ ಮೇಲೆ ಹರಿದು ಹೋಗುವ ತೆಳುವಾದ ಬೆಂಕಿಯು ತರಗನ್ನೂ ಪೊದೆಯನ್ನೂ ಗುಡಿಸಿ ಹೋಗುತ್ತಿತ್ತು. ದೊಡ್ಡ ಮರಗಳು ಉಳಿಯುತ್ತಿದ್ದುವು. ಆ ಗುಡಿಸುವಿಕೆ ನಿಂತಿತು; ಕಸ ಕೂಡುತ್ತ ಬಂದಿತು. ಸಣ್ಣ ಬೆಂಕಿಯನ್ನು ನಂದಿಸಿದಷ್ಟೂ ದೊಡ್ಡ ಬೆಂಕಿಗೆ ಕಣಜ ತುಂಬಿತು. ಈ ತಪ್ಪನ್ನು ಅರಿತು ಆ ನಿಯಮವನ್ನು ಕೈಬಿಟ್ಟದ್ದು 1978ರಲ್ಲಿ. ಆದರೆ ಕೂಡಿದ ಸಾಲ ಒಂದೇ ದಿನದಲ್ಲಿ ತೀರುವುದಿಲ್ಲ. 2013ರ ಜೂನ್ 30ರಂದು ಅರಿಜೋನ ಪ್ರಾಂತದ ಯಾರ್ನೆಲ್ ಎಂಬಲ್ಲಿ, ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಉರಿಯದೆ ದಟ್ಟವಾಗಿದ್ದ ಪೊದೆಗಾಡಿನಲ್ಲಿ, ಗುಡುಗುಮಳೆಯ ಮೋಡವೊಂದು ಗಾಳಿಯನ್ನು ತಟ್ಟನೆ ತಿರುಗಿಸಿತು. ಪಳಗಿದ ಕೈಯವರಾದ 19 ಮಂದಿ ಒಂದೇ ಕಡೆ ಸತ್ತರು.

ಇದು ದೂರದ ದೇಶದ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಬೇಸಗೆಯ ಮೊದಲಿನಲ್ಲಿಯೇ, ನೆಲದಲ್ಲಿ ಇನ್ನೂ ತೇವವಿರುವಾಗ, ತರಗುಬೆಂಕಿ ಎಂಬ ಸಣ್ಣ ಬೆಂಕಿಯನ್ನು ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯೂ 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದದ್ದೂ ಆ ಪದ್ಧತಿಯನ್ನು ನಿಲ್ಲಿಸಿದುವು. ಅಂದಿನಿಂದ ಲಂಟಾನದ ಪೊದೆ ಕಾಡನ್ನು ತುಂಬಿತೆಂದೂ, ನೆಲ್ಲಿಯ ಮರಗಳಿಗೆ ಬಂದಳಿಕೆ ಹಬ್ಬಿತೆಂದೂ ಸೋಲಿಗರು ಹೇಳುತ್ತಾರೆ. ಅವರ ಮಾತನ್ನು ವಿದ್ವಾಂಸರು ಗಂಭೀರವಾಗಿ ಪರಿಶೀಲಿಸಿ ಬರೆದಿದ್ದಾರೆ. ಇತ್ತ ಬಂಡೀಪುರದಲ್ಲಿ, 2017ರ ಫೆಬ್ರವರಿಯಲ್ಲಿ, ಬೆಂಕಿಯನ್ನು ಆರಿಸಲು ಹೋದ ಎಳೆವಯಸ್ಸಿನ ಅರಣ್ಯರಕ್ಷಕನೊಬ್ಬನು ಉರಿಯಲ್ಲಿ ಸಿಕ್ಕಿ ಮಡಿದನು. 2019ರ ಫೆಬ್ರವರಿಯಲ್ಲಿ ಅದೇ ಕಾಡಿನ ಹತ್ತು ಸಾವಿರ ಎಕರೆಗೂ ಹೆಚ್ಚು ಭಾಗ ಕೆಲವೇ ದಿನಗಳಲ್ಲಿ ಕರಿಯಾಯಿತು.

ಕಾಡಿಗೆ ಯಾರು ಬೇಕಾದರೂ ಬೆಂಕಿ ಇಡಬಹುದೆಂದು ನಾವು ಹೇಳುತ್ತಿಲ್ಲ. ನಮ್ಮ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಹುಟ್ಟತಕ್ಕವು. ಅಜಾಗರೂಕತೆಯದೂ ಹಗೆತನದೂ ಆದ ಬೆಂಕಿಗೆ ಕ್ಷಮೆಯಿಲ್ಲ. ಹೊತ್ತರಿತು, ಬಲ್ಲವರು, ತೇವವಿರುವಾಗ ಇಡುವ ಬೆಂಕಿ ಒಂದು. ಮಾರ್ಚಿ ತಿಂಗಳ ಬಿಸಿಲಿನಲ್ಲಿ ಹಬ್ಬುವ ಬೆಂಕಿ ಇನ್ನೊಂದು. ಅಡುಗೆಯ ಒಲೆಗೂ ಮನೆ ಸುಡುವ ಉರಿಗೂ ಇರುವಷ್ಟೇ ಅಂತರ ಇವೆರಡಕ್ಕೂ ಇದೆ. ಯಾವ ಕಾಡಿಗೆ ಯಾವುದು ಹಿತವೆಂಬುದನ್ನು ಶಾಸ್ತ್ರಜ್ಞರೂ ಸೋಲಿಗರೂ ಒಟ್ಟಿಗೆ ಕುಳಿತು ನಿರ್ಣಯಿಸಬೇಕು.

ಪುಲಾಸ್ಕಿಯ ಸಾಹಸವನ್ನು ಓದಿ ನಾವು ಬೆರಗಾಗುತ್ತೇವೆ. ಆದರೆ ಅಂಥ ಸಾಹಸ ಬೇಕಾಗಿ ಬಂದದ್ದೇ ಒಂದು ಸೋಲು. ಕಾವಲುಗಾರನು ಸತ್ತ ಮೇಲೆ ಅವನಿಗೆ ಕಲ್ಲು ನಿಲ್ಲಿಸುವುದು ಸುಲಭ. ಅವನು ಬದುಕಿರುವಾಗಲೇ ಅವನ ಕಾಲಿಗೆ ಒಳ್ಳೆಯ ಜೋಡು, ಕೈಗೆ ತಕ್ಕ ಉಪಕರಣ, ಕೂಲಿಗೆ ಭದ್ರತೆ, ಗಾಯಕ್ಕೆ ಔಷಧ ಇವನ್ನು ಒದಗಿಸುವುದೂ, ಅವನ ಎದುರಿಗೆ ಏಳುವ ಉರಿ ಮೊಣಕಾಲನ್ನು ಮೀರದಂತೆ ಕಾಡನ್ನು ಮೊದಲೇ ಸಿದ್ಧಗೊಳಿಸುವುದೂ ಕಷ್ಟದ ಕೆಲಸ. ಆದರೆ ನಮ್ಮ ಹೊಣೆ ಅದೇ. ಗಾಳಿ ತಿರುಗುವುದನ್ನು ತಡೆಯುವ ಶಕ್ತಿ ನಮಗಿಲ್ಲ. ಅದು ತಿರುಗಿದ ದಿನವೂ ಆ ಮನುಷ್ಯನು ಸಂಜೆ ಮನೆಗೆ ಮರಳುವಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.