ನೌಕರರಿಲ್ಲದ ನಿಲ್ದಾಣ, ಜನರು ಉಳಿಸಿದ ಮಾರ್ಗ



ಜಪಾನಿನ ಒಸಾಕಾ ಮಹಾನಗರದ ದಕ್ಷಿಣಕ್ಕೆ ವಾಕಾಯಾಮಾ ಎಂಬ ನಗರವಿದೆ. ಅಲ್ಲಿಂದ ಪೂರ್ವಕ್ಕೆ ಸಾಗುವ ಕಿಶಿಗಾವಾ ರೈಲು ಮಾರ್ಗದ ಉದ್ದ ಕೇವಲ 14.3 ಕಿಲೋಮೀಟರ್; ಒಂಟಿ ಹಳಿ, 14 ನಿಲ್ದಾಣಗಳು. ಈ ಮಾರ್ಗದ ಕೊನೆಯ ನಿಲ್ದಾಣವೇ ಕಿಶಿ. ಬೆಕ್ಕೊಂದನ್ನು ಸ್ಟೇಷನ್ ಮಾಸ್ಟರ್ ಆಗಿ ನೇಮಿಸಿಕೊಂಡ ನಿಲ್ದಾಣವೆಂದು ಅದು ಜಗತ್ತಿನಾದ್ಯಂತ ಹೆಸರಾಗಿದೆ. ಆದರೆ ಬೆಕ್ಕು ಬರುವುದಕ್ಕೆ ಮೊದಲು ಅಲ್ಲಿ ನಡೆದ ಸಂಗತಿಯೇ ಹೆಚ್ಚು ಮನನೀಯವಾದುದು.

ಬಹುಕಾಲ ಈ ಮಾರ್ಗವನ್ನು ನಡೆಸಿದ್ದು ನಾನ್‌ಕಾಯ್ ಎಂಬ ದೊಡ್ಡ ಖಾಸಗಿ ರೈಲು ಕಂಪನಿ. ಊರೂರಿಗೆ ಕಾರುಗಳು ಬಂದವು, ಪ್ರಯಾಣಿಕರು ಕಡಿಮೆಯಾದರು, ನಷ್ಟ ಬೆಳೆಯಿತು. 2004ರಲ್ಲಿ ಕಂಪನಿಯು ತಾನು ಈ ಮಾರ್ಗವನ್ನು ಕೈಬಿಡುವುದಾಗಿ ಪ್ರಕಟಿಸಿತು. ಲೆಕ್ಕದ ಪುಸ್ತಕದ ಪ್ರಕಾರ ಅದು ತಪ್ಪಾಗಿರಲಿಲ್ಲ. ಆದರೆ ಶಾಲೆಗೆ ಹೋಗುವ ಮಕ್ಕಳಿಗೆ, ಕಾರು ಓಡಿಸಲಾಗದ ವೃದ್ಧರಿಗೆ ಆ ಪುಸ್ತಕದಲ್ಲಿ ಸ್ಥಾನವಿರಲಿಲ್ಲ.

ಮಾರ್ಗದುದ್ದಕ್ಕೂ ಇದ್ದ ನಿವಾಸಿಗಳು ಸಂಘ ಕಟ್ಟಿದರು. ಆರು ಸಾವಿರಕ್ಕೂ ಹೆಚ್ಚು ಜನ ಸದಸ್ಯರಾದರು. ರೈಲು ಬೇಕೆಂದು ಮನವಿ ಸಲ್ಲಿಸಿ ಅವರು ಸುಮ್ಮನಾಗಲಿಲ್ಲ. ನಾವೇ ಹತ್ತಿ ಪ್ರಯಾಣಿಸಿ ಇದನ್ನು ಉಳಿಸೋಣ ಎಂಬುದು ಅವರ ಕರೆಯಾಗಿತ್ತು. ಸ್ಥಳೀಯ ಆಡಳಿತಗಳು ಹಳಿಯ ಕೆಳಗಿನ ನೆಲವನ್ನು ಕೊಂಡುಕೊಂಡವು. ಹತ್ತು ವರ್ಷಗಳ ಕಾಲ ನಷ್ಟಕ್ಕೆ ನೆರವು ನೀಡಲು ಒಪ್ಪಿದವು. ಒಕಾಯಾಮಾದ ಟ್ರಾಮ್ ಕಂಪನಿಯೊಂದು ಇದಕ್ಕಾಗಿಯೇ ವಾಕಾಯಾಮಾ ವಿದ್ಯುತ್ ರೈಲ್ವೆ ಎಂಬ ಹೊಸ ಸಂಸ್ಥೆಯನ್ನು ಹುಟ್ಟುಹಾಕಿ, 2006ರ ಏಪ್ರಿಲ್ 1ರಂದು ಮಾರ್ಗವನ್ನು ವಹಿಸಿಕೊಂಡಿತು.

ವೆಚ್ಚ ಇಳಿಸುವುದು ಅನಿವಾರ್ಯವಾಗಿತ್ತು. ಅದೇ ತಿಂಗಳು ಕಿಶಿ ನಿಲ್ದಾಣದಿಂದ ನೌಕರರನ್ನು ಹಿಂತೆಗೆಯಲಾಯಿತು. ಎರಡು ಬೋಗಿಗಳ ರೈಲಿನಲ್ಲಿ ಚಾಲಕನೊಬ್ಬನೇ ಸಿಬ್ಬಂದಿ. ಪ್ರಯಾಣಿಕರು ಹತ್ತುವಾಗ ಯಂತ್ರದಿಂದ ಸಂಖ್ಯೆಯ ಚೀಟಿ ಪಡೆದು, ಇಳಿಯುವಾಗ ಚಾಲಕನ ಪಕ್ಕದ ಪೆಟ್ಟಿಗೆಗೆ ಹಣ ಹಾಕುತ್ತಾರೆ. ವಿಶ್ವಾಸವೇ ಅಲ್ಲಿ ಕಾವಲುಗಾರ.

ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ತಾಮಾ ಎಂಬ ಮೂರು ಬಣ್ಣದ ಹೆಣ್ಣು ಬೆಕ್ಕಿತ್ತು. ನೆಲದ ಒಡೆತನ ಬದಲಾದಾಗ ಅದರ ಗೂಡಿಗೆ ಜಾಗವಿಲ್ಲದಾಯಿತು. ನಿಲ್ದಾಣದಲ್ಲೇ ಇರಗೊಡಬಹುದೇ ಎಂದು ಅಂಗಡಿಯಾಕೆ ಕೇಳಿಕೊಂಡರು. 2007ರ ಜನವರಿಯಲ್ಲಿ ಕಂಪನಿಯು ತಾಮಾಗೆ ಟೋಪಿ ತೊಡಿಸಿ ಸ್ಟೇಷನ್ ಮಾಸ್ಟರ್ ಪದವಿಯನ್ನೇ ನೀಡಿತು. ಸಂಬಳ, ಬೆಕ್ಕಿನ ಆಹಾರ. ಅದನ್ನು ನೋಡಲು ದೂರದೂರದಿಂದ ಜನ ರೈಲು ಹತ್ತಿದರು. 2015ರ ಜೂನ್‌ನಲ್ಲಿ ತಾಮಾ ತೀರಿಕೊಂಡಾಗ ಶಿಂತೋ ವಿಧಿಯಂತೆ ಅಂತಿಮ ಸಂಸ್ಕಾರ ನಡೆಯಿತು; ನಿಲ್ದಾಣದಲ್ಲಿ ಅದಕ್ಕೊಂದು ಪುಟ್ಟ ಗುಡಿಯಿದೆ.

2010ರಲ್ಲಿ ನಿಲ್ದಾಣದ ಕಟ್ಟಡವನ್ನು ಬೆಕ್ಕಿನ ಮುಖದ ಆಕಾರದಲ್ಲಿ ಹೊಸದಾಗಿ ಕಟ್ಟಲಾಯಿತು. ಅದರ ಛಾವಣಿಗೆ ಹೊದಿಸಿರುವುದು ಹಿನೋಕಿ ಮರದ ತೊಗಟೆ. ಜಪಾನಿನ ಪುರಾತನ ದೇಗುಲಗಳ ವಿಧಾನವಿದು. ಮರವನ್ನು ಕಡಿಯುವುದಿಲ್ಲ. ಪಳಗಿದ ಕೈಗಳು ಹೊರತೊಗಟೆಯನ್ನಷ್ಟೇ ಸುಲಿಯುತ್ತವೆ. ಒಳಪದರಕ್ಕೆ ಗಾಯವಾಗದಿದ್ದರೆ ಎಂಟು ಹತ್ತು ವರ್ಷಗಳಲ್ಲಿ ತೊಗಟೆ ಮತ್ತೆ ಬೆಳೆಯುತ್ತದೆ. ಕಾಡಿನೊಡನೆ ಬದುಕುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಕ್ಕು ರೈಲನ್ನು ಉಳಿಸಿತೆಂಬ ಕಥೆ ಸೊಗಸಾಗಿದೆ, ಆದರೆ ಪೂರ್ಣಸತ್ಯವಲ್ಲ. ಜನಪ್ರಿಯತೆ ಬಂದ ಮೇಲೂ ಮಾರ್ಗಕ್ಕೆ ಸಾರ್ವಜನಿಕ ನೆರವು ಬೇಕಾಯಿತು; ಕೊರೋನಾ ಕಾಲದಲ್ಲಿ ಪ್ರಯಾಣಿಕರು ಮತ್ತೆ ಕುಸಿದರು. ನೋಡಲು ಬರುವವರು ಒಂದು ದಿನ ಬಂದು ಹೋಗುತ್ತಾರೆ. ನಿತ್ಯ ಹತ್ತುವವರು ಊರಿನವರೇ. ತಾಮಾ ಟೋಪಿ ಧರಿಸುವುದಕ್ಕೆ ಮೊದಲೇ ಮಾರ್ಗ ಉಳಿದಾಗಿತ್ತು. ಅದನ್ನು ಉಳಿಸಿದ್ದು ಸಂಘ ಕಟ್ಟಿದ ಊರವರು, ನೆಲ ಕೊಂಡ ಆಡಳಿತ, ಹೊಣೆ ಹೊತ್ತ ಸಣ್ಣ ಸಂಸ್ಥೆ. ಆ ಮೂವರಲ್ಲಿ ಯಾರೊಬ್ಬರು ಹಿಂದೆ ಸರಿದಿದ್ದರೂ ಬೆಕ್ಕಿಗೆ ಕಾಯಲು ರೈಲೇ ಇರುತ್ತಿರಲಿಲ್ಲ.