ಅಣ್ಣಾವ್ರು, ವಿಷ್ಣು ಮತ್ತು ನೆಲದ ಟಿಕೆಟ್ಟಿನ ನಾವು

(ಆನಂದಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರವಣಿಗೆಗೆ ತರುವಾಗ ಅಲ್ಲಲ್ಲಿ ತಿದ್ದಿದ್ದೇವೆ.)



ನಮ್ಮನ್ನು ಕರೆಸಿದ್ದು ಕಾವ್ಯದ ಬಗ್ಗೆ ಮಾತಾಡಲಿಕ್ಕೆ. ಬೆಳಿಗ್ಗೆ ಬಂದು ನೋಡಿದರೆ ಇಲ್ಲಿ ಎರಡು ಪಾರ್ಟಿ. ಮೂಲೆ ರೂಮಿನವರು ರಾಜ್‌ಕುಮಾರ್ ಕಡೆ, ಬಾವಿ ಕಡೆ ರೂಮಿನವರು ವಿಷ್ಣುವರ್ಧನ್ ಕಡೆ. ಒಂದೇ ಕೇರಿಯಿಂದ ಬಂದ ಇಬ್ಬರು ಹುಡುಗರು ತಿಂಗಳಿಂದ ಮಾತು ಬಿಟ್ಟಿದ್ದಾರೆ. ತಟ್ಟೆ ಹೋಗಿ ಗೋಡೆಗೆ ಬಡಿದ ಗುರುತು ಹಾಗೇ ಇದೆ. ಕಾವ್ಯ ಇನ್ನೊಂದು ದಿನ ಇರಲಿ. ಇವತ್ತು ಈ ಜಗಳವನ್ನೇ ಹಿಡಿದುಕೊಳ್ಳೋಣ.

ಮೊದಲೇ ಹೇಳಿಬಿಡ್ತೀವಿ, ನಾವೇನು ಸಿನಿಮಾ ಅಂದರೆ ಮೂಗು ಮುರಿಯುವ ಜನ ಅಲ್ಲ. ಸಿನಿಮಾ ನೋಡಬೇಡಿ, ಓದಿ ಅಂತ ಉಪದೇಶ ಮಾಡೋಕೆ ನಿಮ್ಮ ವಾರ್ಡನ್ ಇದ್ದಾರೆ. ನಮ್ಮ ಅಪ್ಪಂದಿರು ಕಾಲದ ಟೆಂಟಿನಲ್ಲಿ ನೆಲದ ಟಿಕೆಟ್ಟು ತಗೊಂಡು, ಮಣ್ಣು ಗುಡ್ಡೆ ಮಾಡಿ ಅದರ ಮೇಲೆ ಕೂತು ಚಿತ್ರ ನೋಡಿದವರು. ಅದೇ ಚಿತ್ರಗಳನ್ನು ನಾವು ಟೀವಿಯಲ್ಲಿ ನೋಡಿದೆವು, ನೀವು ಮೊಬೈಲಿನಲ್ಲಿ ನೋಡ್ತಿದ್ದೀರಿ. ಊರಿನಲ್ಲಿ ನಾವು ಮೇಲುಜಾತಿಯವರ ಪಕ್ಕ ಕೂತ ಮೊದಲ ಜಾಗಗಳಲ್ಲಿ ಆ ಕತ್ತಲೆ ಟೆಂಟೂ ಒಂದು. ಅದಕ್ಕೇ ಈ ಇಬ್ಬರ ಮೇಲೆ ನಮಗೆ ಇರೋ ಪ್ರೀತಿಯನ್ನು ಯಾರೂ ಹಗುರ ಮಾಡಬಾರದು. ನಾವೂ ಮಾಡೋದಿಲ್ಲ.

ಆದರೆ ಜಗಳ ಆಡೋದಾದರೆ ಸರಿಯಾಗಿ ಆಡಬೇಕು.

ಲೆಕ್ಕದಿಂದ ಶುರು ಮಾಡೋಣ. ಮುತ್ತುರಾಜ ಗಾಜನೂರಿನ ಹುಡುಗ. ನಮ್ಮ ತುಂಗಾ ಅಣೆಕಟ್ಟಿನ ಗಾಜನೂರಲ್ಲ ಮತ್ತೆ, ಈಗ ತಮಿಳುನಾಡಿಗೆ ಸೇರಿರುವ ತಾಳವಾಡಿ ಕಡೆಯ ಗಾಜನೂರು. ಹುಟ್ಟಿದ್ದು 1929ರ ಏಪ್ರಿಲ್ 24. ಈಡಿಗರ ಮನೆ. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ನಟ. ಹುಡುಗ ಪ್ರೈಮರಿ ಶಾಲೆಯನ್ನೂ ಮುಗಿಸಲಿಲ್ಲ, ಗುಬ್ಬಿ ವೀರಣ್ಣನವರ ಕಂಪನಿಯೇ ಅವನಿಗೆ ಶಾಲೆ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು 'ಬೇಡರ ಕಣ್ಣಪ್ಪ'ದಲ್ಲಿ ನಾಯಕನ ಪಾತ್ರ ಕೊಟ್ಟು ರಾಜ್‌ಕುಮಾರ್ ಅಂತ ಹೆಸರಿಟ್ಟರು. ಹದಿನಾಲ್ಕು ವರ್ಷದಲ್ಲಿ, 1968ರ 'ಭಾಗ್ಯದ ಬಾಗಿಲು' ಹೊತ್ತಿಗೆ, ನೂರು ಚಿತ್ರ ಆಗಿತ್ತು.

ಸಂಪತ್‌ಕುಮಾರ್ ಮೈಸೂರಿನ ಹುಡುಗ. 1950ರ ಸೆಪ್ಟೆಂಬರ್ 18. ಬ್ರಾಹ್ಮಣರ ಮನೆ. ಅಪ್ಪ ಎಚ್.ಎಲ್. ನಾರಾಯಣರಾವ್ ಸಂಗೀತ, ಸಿನಿಮಾ ಎರಡೂ ಬಲ್ಲವರು. ಕಾರ್ನಾಡ್ ಮತ್ತು ಬಿ.ವಿ. ಕಾರಂತರ 'ವಂಶವೃಕ್ಷ'ದಲ್ಲಿ ಸಣ್ಣ ಪಾತ್ರ. ಆಮೇಲೆ 1972ರ ಕೊನೆಗೆ ಪುಟ್ಟಣ್ಣ ಕಣಗಾಲರ 'ನಾಗರಹಾವು'. ವಿಷ್ಣುವರ್ಧನ್ ಅನ್ನೋ ಹೆಸರು ಪುಟ್ಟಣ್ಣ ಇಟ್ಟದ್ದು.

ನೋಡಿ, ಇಬ್ಬರಿಗೂ ನಿರ್ದೇಶಕರು ಹೊಸ ಹೆಸರು ಕೊಟ್ಟರು, ಜನ ಆ ಹೆಸರನ್ನು ತಲೆ ಮೇಲೆ ಹೊತ್ತುಕೊಂಡರು. ನಮ್ಮಲ್ಲಿ ಯಾರಾದರೂ ಕರಿಯ ಅನ್ನೋ ಹೆಸರನ್ನು ಕಿರಣ ಅಂತ ಬದಲಾಯಿಸಿಕೊಂಡರೆ ಮೊದಲು ಕೇಳೋ ಪ್ರಶ್ನೆ, 'ಹಳೇ ಹೆಸರೇನೋ?' ಇರಲಿ.

1972 ಮುಖ್ಯವಾದ ವರ್ಷ. ಅದೇ ವರ್ಷ 'ಬಂಗಾರದ ಮನುಷ್ಯ' ಬಂತು, ಅದೇ ವರ್ಷ 'ನಾಗರಹಾವು' ಬಂತು. ರಾಜ್‌ಗೆ ನಲವತ್ಮೂರು, ವಿಷ್ಣುಗೆ ಇಪ್ಪತ್ತೆರಡು. ಒಬ್ಬರು ಗಿರಿಯ ತುದಿಯಲ್ಲಿ, ಇನ್ನೊಬ್ಬರು ಈಗಷ್ಟೇ ಚಿತ್ರದುರ್ಗದ ಬಂಡೆ ಹತ್ತುತ್ತಿರೋರು. ಅಪ್ಪನ ವಯಸ್ಸಿನವರನ್ನೂ ಮಗನ ವಯಸ್ಸಿನವರನ್ನೂ ಒಂದೇ ತಕ್ಕಡಿಗೆ ಹಾಕಿ ಐವತ್ತು ವರ್ಷದಿಂದ ತೂಗುತ್ತಾ ಇದ್ದೀವಿ.

ಈಗ ಕಸುಬಿನ ವಿಷಯ. ಇದರ ಬಗ್ಗೆ ನಾವು ಬಹಳ ಯೋಚನೆ ಮಾಡಿದ್ದೀವಿ.

ರಾಜ್‌ಕುಮಾರ್ ದೊಡ್ಡಸ್ತಿಕೆ ಇರೋದು ದನಿಯಲ್ಲಿ. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ಅವರು ಹಾಡುಗಾರರೂ ಆದರು, ಅದಕ್ಕೆ ಮುಂಚೆ ಪಿ.ಬಿ. ಶ್ರೀನಿವಾಸ್ ಅವರಿಗೆ ಹಾಡುತ್ತಿದ್ದರು. ಆದರೆ ನಾವು ಹೇಳೋದು ಹಾಡಲ್ಲ, ಮಾತು. ಕಂಪನಿ ನಾಟಕದಲ್ಲಿ ದನಿ ಕೊಟ್ಟಕೊನೆಗೆ ಕೂತವನಿಗೂ ಮುಟ್ಟಬೇಕು. ಮುಂದಿನ ಕುರ್ಚಿಯಲ್ಲಿ ಗೌಡರು, ಶಾನುಭೋಗರು. ಕೊಟ್ಟಕೊನೆಗೆ, ನೆಲದ ಮೇಲೆ, ಯಾರು? ನಮ್ಮ ಅಜ್ಜ, ನಮ್ಮ ಅಜ್ಜಿ. ಆ ದನಿಯನ್ನು ತಿದ್ದಿ ತೀಡಿದ್ದೇ ಅವರ ಕಿವಿಗೆ ಮುಟ್ಟಲಿ ಅಂತ. 1977ರ 'ಬಬ್ರುವಾಹನ' ನೋಡಿ. ಅರ್ಜುನನೂ ಅವರೇ, ಬಬ್ರುವಾಹನನೂ ಅವರೇ. ಅಪ್ಪ ಮಗ ಮಾತಿಗೆ ಮಾತು ಬೆಳೆಸುತ್ತಾರೆ. ಕಣ್ಣು ಮುಚ್ಚಿ ಕೇಳಿ, ಯಾವುದು ಯಾರ ದನಿ ಅಂತ ಗೊತ್ತಾಗುತ್ತೆ. ಒಬ್ಬನ ಅಹಂಕಾರಕ್ಕೆ ವಯಸ್ಸಾಗಿದೆ, ಇನ್ನೊಬ್ಬನದು ಹಸಿ.

ಇದು ನಮಗೆ ಯಾಕೆ ದೊಡ್ಡದು? 'ನಿನಗೆ ಹಕಾರ ಬರಲ್ಲ, ಅಕಾರ ಬರಲ್ಲ' ಅಂತ ಕ್ಲಾಸಿನಲ್ಲಿ ನಗಿಸಿಕೊಂಡವರು ನಾವು. ಪದವಿ ತಗೊಂಡ ಮೇಲೂ ಮೈಕಿನ ಮುಂದೆ ನಿಂತರೆ ನಮಗೆ ನಾಲಿಗೆ ಒಣಗುತ್ತೆ. ಶುದ್ಧ ಕನ್ನಡ ಹುಟ್ಟಿನಿಂದ ಬರುತ್ತೆ, ಕುಲದಿಂದ ಬರುತ್ತೆ ಅನ್ನೋರಿಗೆ ಶಾಲೆ ಬಿಟ್ಟ ಈ ಮನುಷ್ಯ ಉತ್ತರ. ಪಾಂಡಿತ್ಯ ಇದ್ದವರು ಅವರ ಬಾಯಿಂದ ಕನ್ನಡ ಕೇಳಲಿಕ್ಕೆ ದುಡ್ಡು ಕೊಟ್ಟು ಕೂತರು. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 1982ರ ಗೋಕಾಕ್ ಚಳವಳಿಗೆ ಅವರು ಇಳಿದ ಮೇಲೇ ಅದು ಊರೂರಿನ ಬೀದಿಗೆ ಬಂದದ್ದು. ಅಲ್ಲಿಯವರೆಗೆ ಅದು ಓದಿದವರ ಹೇಳಿಕೆಗಳಲ್ಲಿ ಇತ್ತು.

ಇನ್ನು ವಿಷ್ಣು. ಅವರ ಕಲೆ ಕಂಪನಿಯದಲ್ಲ, ಕ್ಯಾಮೆರಾದ್ದು. ಕ್ಯಾಮೆರಾ ಹತ್ತಿರ ಬಂದಾಗ ಏನೂ ಮಾಡದೆ ಇರೋದು ಬಹಳ ಕಷ್ಟದ ಕೆಲಸ. ವಿಷ್ಣು ಅದನ್ನು ಮಾಡುತ್ತಾರೆ. 1984ರ 'ಬಂಧನ'ದ ಡಾಕ್ಟರ್ ಹರೀಶ್ ನೋಡಿ. ಬಾಯಲ್ಲಿ ನಗು, ಕಣ್ಣಲ್ಲಿ ಇನ್ನೇನೋ. 1990ರ 'ಮುತ್ತಿನ ಹಾರ'ದ ಕೊಡಗಿನ ಸಿಪಾಯಿ, 2000ದ 'ಯಜಮಾನ'. ಇವೆಲ್ಲಾ ನೋವನ್ನು ನುಂಗುವ ಪಾತ್ರಗಳು. ನುಂಗೋದನ್ನು ಗಂಟಲಿನಲ್ಲಿ ತೋರಿಸೋ ನಟ ಅವರು. ಮಾತು ಜಾಸ್ತಿ ಇದ್ದ ಕಡೆ ವಿಷ್ಣು ಅಷ್ಟು ಹಿಡಿಸಲ್ಲ, ನಮಗೆ. ಬಾವಿ ಕಡೆ ರೂಮಿನವರು ಸಿಟ್ಟಾಗಬೇಡಿ.

ಮತ್ತೆ ಸಿಟ್ಟು. ರಾಮಾಚಾರಿಯ ಸಿಟ್ಟು! ಅದನ್ನು ನಮ್ಮ ಹುಡುಗರು ತಮ್ಮದೇ ಅಂತ ತಗೊಂಡರು. ತಪ್ಪೇನಿಲ್ಲ. ಊರೆಲ್ಲಾ ಕೆಟ್ಟವನು ಅಂದ ಹುಡುಗ, ಮೇಷ್ಟ್ರು ಒಬ್ಬರೇ ಒಳ್ಳೆಯವನು ಅಂದ ಹುಡುಗ. ಹಾಸ್ಟೆಲಿನಲ್ಲಿ ಇರೋ ಅರ್ಧ ಜನ ಹಾಗೇ ಇದ್ದಾರೆ. ಆದರೆ ಆ ಚಾಮಯ್ಯ ಮೇಷ್ಟ್ರು ಏನು ಮಾಡಿದರು? ಪ್ರೀತಿಸಿದ ಅಲಮೇಲುವನ್ನು ಬಿಡು ಅಂದರು, ಬಿಟ್ಟ. ಅವಳ ಬದುಕು ಹಾಳಾಯಿತು. ಕ್ರಿಶ್ಚಿಯನ್ ಮಾರ್ಗರೇಟಳನ್ನೂ ಬಿಡು ಅಂದರು. ಕೊನೆಗೆ ಮೇಷ್ಟ್ರೂ ಬಂಡೆಯಿಂದ ಬಿದ್ದರು, ಹುಡುಗ ಹುಡುಗಿಯೂ ಹಾರಿದರು. ಕೊಂದದ್ದು ಯಾವುದು? ಮೇಷ್ಟ್ರಲ್ಲ, ರಾಮಾಚಾರಿಯಲ್ಲ. ಜಾತಿ. ಆದರೆ ಥಿಯೇಟರಿನಿಂದ ಹೊರಗೆ ಬಂದ ಹುಡುಗರು ಕಾಲರು ಎತ್ತಿಕೊಂಡು ಬಂದರೇ ಹೊರತು ಈ ಪ್ರಶ್ನೆ ಎತ್ತಿಕೊಂಡು ಬರಲಿಲ್ಲ.

'ಬಂಗಾರದ ಮನುಷ್ಯ'ಕ್ಕೂ ಇದೇ ಮಾತು. (ನಿರ್ದೇಶಕ ಸಿದ್ದಲಿಂಗಯ್ಯ ಬೇರೆ, ನಮ್ಮ ಕವಿ ಸಿದ್ಧಲಿಂಗಯ್ಯ ಬೇರೆ. ಹಾಸ್ಟೆಲುಗಳಲ್ಲಿ ಈ ಗೊಂದಲ ಪ್ರತಿ ಸಲ.) ಆ ಚಿತ್ರ ನೋಡಿ ಪೇಟೆಯಲ್ಲಿದ್ದವರು ಹಳ್ಳಿಗೆ ವಾಪಸ್ ಹೋಗಿ ಬೇಸಾಯ ಹಿಡಿದರು ಅಂತ ಇವತ್ತಿಗೂ ಹೇಳುತ್ತಾರೆ. ಸಂತೋಷ. ವಾಪಸ್ ಹೋಗಲಿಕ್ಕೆ ಹೊಲ ಇದ್ದವರು ಹೋದರು. ಹೊಲ ಇಲ್ಲದವರು ಎಲ್ಲಿಗೆ ಹೋಗಬೇಕಿತ್ತು? ನಮ್ಮ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿ ಅಳೆಯುವ ಕೊಳಗದ ವಿಚಾರಕ್ಕೆ ದೀವರ ರೈತರು ಎದ್ದು ನಿಂತಿದ್ದರು, ಲೋಹಿಯಾ ಬಂದು ಅರೆಸ್ಟ್ ಆಗಿದ್ದರು. ಉಳುವವನಿಗೆ ಭೂಮಿ ಅನ್ನೋ ಕಾನೂನು 1974ರಲ್ಲಿ ಬಂತು. ಅದೂ ಗೇಣಿ ಚೀಟಿ ಇದ್ದವನ ಕೈಹಿಡಿಯಿತು, ಕೂಲಿಯವನ ಕೈ ಹಿಡಿಯಲಿಲ್ಲ. ಇದನ್ನು ರಾಜ್‌ಕುಮಾರ್ ತಪ್ಪು ಅಂತ ಹೇಳ್ತಿಲ್ಲ. ಆ ಚಿತ್ರದ ರಾಜೀವ ಕೊನೆಗೆ ಎಲ್ಲಾ ಬಿಟ್ಟು ಹೋಗುವಾಗ ನಮಗೂ ಗಂಟಲು ಕಟ್ಟುತ್ತೆ. ಆದರೆ ನಾವು ಬಿಟ್ಟು ಹೋಗಲಿಕ್ಕೂ ಏನೋ ಒಂದು ಇರಬೇಕಲ್ಲ!

ಇಲ್ಲಿ ಒಂದು ಸೂಕ್ಷ್ಮದ ಮಾತು. ಈ ಸೀಮೆಯಲ್ಲಿ ದೀವರ, ಈಡಿಗರ ಗೆಳೆಯರು ಅಣ್ಣಾವ್ರು ನಮ್ಮವರು ಅಂತಾರೆ. ಸೊರಬದ ಬಂಗಾರಪ್ಪನವರ ಮಗಳನ್ನು ಶಿವರಾಜ್‌ಕುಮಾರ್‌ಗೆ ಕೊಟ್ಟ ಮೇಲಂತೂ ನೆಂಟಸ್ತನವೇ ಆಯಿತು. ಅವರು ಅನ್ನಲಿ, ಅವರಿಗೆ ಆ ಹಕ್ಕಿದೆ. ಹೆಂಡ ಇಳಿಸುವ ಕುಲ ಅಂತ ಮಾತು ಕೇಳಿದವರಿಗೆ ಅದು ಸಣ್ಣ ಹೆಮ್ಮೆಯಲ್ಲ. ಅದನ್ನು ನೋಡಿ ಇನ್ನೊಬ್ಬರು ವಿಷ್ಣು ನಮ್ಮವರು ಅಂತಾರೆ. ಸರಿ, ಹಾಗಾದರೆ ನಮ್ಮವರು ಯಾರು? ನಮ್ಮ ಕೇರಿಯಿಂದ ತೆರೆಗೆ ಹೋದ ನಾಯಕ ಯಾರು ಅಂತ ಕೇಳಿದರೆ ಈ ರೂಮೂ ಸುಮ್ಮನಾಗುತ್ತೆ, ಆ ರೂಮೂ ಸುಮ್ಮನಾಗುತ್ತೆ. ಮಾತು ಬಿಟ್ಟ ಆ ಇಬ್ಬರೂ ಈ ಒಂದು ವಿಷಯದಲ್ಲಿ ಒಟ್ಟಿಗೇ ಸುಮ್ಮನಿದ್ದಾರೆ.

ನಾಯಕ ಬೇಡ, ಪಾತ್ರ ಆದರೂ? 'ಬೇಡರ ಕಣ್ಣಪ್ಪ'ನೇ ಇದೆಯಲ್ಲ ಅಂತೀರಿ. ಆ ದಿಣ್ಣ ಬೇಡ ನಿಜವಾಗಿ ಶಾಪ ಸಿಕ್ಕಿದ ಗಂಧರ್ವ. ಬೇಡ ಬೇಡನಾಗಿಯೇ ದೊಡ್ಡವನಾದ ಅಂತ ಹೇಳಲು ಕತೆಗೆ ಮನಸ್ಸಿಲ್ಲ, ಮೇಲಿನಿಂದ ಇಳಿದು ಬರಬೇಕು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ರಾಜ್‌ಕುಮಾರ್ ಸುಡುಗಾಡು ಕಾಯುತ್ತಾರೆ, ಜನ ಅಳುತ್ತಾರೆ. ರಾಜನಿಗೆ ಇಂಥ ಗತಿ ಬಂತಲ್ಲ ಅಂತ. ಹುಟ್ಟಿದಾಗಿನಿಂದ ಅಲ್ಲೇ ಇದ್ದ ವೀರಬಾಹುವಿಗೆ ಯಾರೂ ಅಳಲಿಲ್ಲ. ಆದರೂ ಕುಲದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಹಾಡಿನಲ್ಲಿ ಕೇಳಿದವನು ಆ ವೀರಬಾಹು, ಎಂ.ಪಿ. ಶಂಕರ್. ನಮ್ಮ ಅಜ್ಜಂದಿರು ಟೆಂಟಿನಲ್ಲಿ ಸಿಳ್ಳೆ ಹೊಡೆದದ್ದು ಅಲ್ಲಿ.

'ಸನಾದಿ ಅಪ್ಪಣ್ಣ'ದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. 1977ರ ಚಿತ್ರ. ಸನಾದಿ ನುಡಿಸಿದ್ದು ಬಿಸ್ಮಿಲ್ಲಾ ಖಾನ್, ಹಿಡಿದದ್ದು ರಾಜ್‌ಕುಮಾರ್. ನಮ್ಮ ಕೇರಿಯಲ್ಲಿ ಮದುವೆಗಳಿಗೆ ವಾಲಗ ಊದುವ ಹಿರಿಯರೊಬ್ಬರಿಗೆ ನಾವು ಮೊಬೈಲಿನಲ್ಲಿ ಅದನ್ನು ತೋರಿಸಿದೆವು. ಅವರು ಮುಖ ನೋಡಲೇ ಇಲ್ಲ, ಬೆರಳನ್ನೇ ನೋಡಿದರು. ಆಮೇಲೆ, 'ಇವ್ರು ಉಸುರು ಹಿಡಿಯೋದು ಸರಿ ಐತೆ ಕಣ್ರೋ' ಅಂದರು. ಅಷ್ಟೇ. ಯಾವ ಪ್ರಶಸ್ತಿಗಿಂತಲೂ ಅದು ನಮಗೆ ದೊಡ್ಡ ವಿಮರ್ಶೆ ಅನ್ನಿಸಿತು. ಊದುವವನನ್ನು ಚಪ್ಪರದ ಹೊರಗೆ ಕೂರಿಸಿ, ಊದಿದ್ದನ್ನು ಒಳಗೆ ಕೇಳುವ ನಾಡಿನಲ್ಲಿ ಆ ವಾದ್ಯವನ್ನು ನಾಯಕನ ಕೈಗೆ ಕೊಟ್ಟದ್ದು ಸಣ್ಣ ಕೆಲಸ ಅಲ್ಲ.

ಆದರೆ ಚೋಮ? ಶಿವರಾಮ ಕಾರಂತರ ಚೋಮ 1975ರಲ್ಲಿ ತೆರೆಗೆ ಬಂದ. ಬಿ.ವಿ. ಕಾರಂತರ ಚಿತ್ರ. ಎಂ.ವಿ. ವಾಸುದೇವರಾವ್ ಮಾಡಿದರು, ರಾಷ್ಟ್ರಪ್ರಶಸ್ತಿ ಬಂತು. ರಾಜ್, ವಿಷ್ಣು ಇಬ್ಬರ ಇನ್ನೂರಕ್ಕೂ ಮಿಕ್ಕ ಚಿತ್ರಗಳ ಪಟ್ಟಿಯಲ್ಲಿ ಒಬ್ಬ ಚೋಮ ಇಲ್ಲ. ಮಾಡಲಾರದೆ ಅಲ್ಲ. ಅವರಿಗೆ ಅಭಿಮಾನಿಗಳ ಭಯ. ಅಣ್ಣಾವ್ರು ಅಭಿಮಾನಿಗಳನ್ನು ದೇವರು ಅಂದರು. ದೇವರುಗಳು ಏನು ಕೇಳಿದರು? ಅಣ್ಣಾವ್ರು ಸೋಲಬಾರದು, ಕೆಟ್ಟವರಾಗಬಾರದು. ವಿಷ್ಣು ಸಾಹಸಸಿಂಹ, ಬೆನ್ನು ಬಾಗಬಾರದು. ಎತ್ತು ಮೇಯಿಸಿಕೊಂಡು, ಸಾಲ ತೀರದೆ, ದುಡಿ ಬಡಿದು ಸಾಯುವ ಪಾತ್ರ ಕೇಳಿದವರು ನಮ್ಮಲ್ಲಿ ಎಷ್ಟು ಜನ? ನಾವೇ ಕೇಳಲಿಲ್ಲ. ನಮ್ಮ ಬದುಕು ಮರೆಯಲಿಕ್ಕೆ ಅಂತ ನಾವೂ ಟಿಕೆಟ್ಟು ತಗೊಂಡೆವು.

ಅಭಿಮಾನದ ಇನ್ನೊಂದು ಮುಖವನ್ನೂ ನೋಡಿದ್ದೀವಿ. 'ಗಂಧದ ಗುಡಿ' 1973. ಅಣ್ಣ ತಮ್ಮಂದಿರಾಗಿ ಇಬ್ಬರೂ ಒಟ್ಟಿಗೆ ಬಂದ ಒಂದೇ ಚಿತ್ರ. ಶೂಟಿಂಗಿನ ಒಂದು ಬಂದೂಕಿನ ಬಗ್ಗೆ ಗಾಳಿಮಾತು ಹಬ್ಬಿತು, ಅದನ್ನೇ ಹಿಡಿದು ಎರಡು ಪಾಳೆಯ ಆದವು. ಮತ್ತೆ ಅವರನ್ನು ಒಂದೇ ತೆರೆ ಮೇಲೆ ನೋಡುವ ಭಾಗ್ಯ ಬರಲಿಲ್ಲ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು, ಬೆಂಗಳೂರಿನ ಗಲಭೆಯಲ್ಲಿ ಎಂಟು ಜನ ಸತ್ತರು. 2009ರ ಡಿಸೆಂಬರ್ 30ರಂದು ವಿಷ್ಣು ಹೋದಾಗಲೂ ಕಲ್ಲು ತೂರಾಟ. ಇಂಥ ದಿನ ಬೀದಿಯಲ್ಲಿ ಓಡಾಡುವವರು ಬಂಗಲೆಯವರಲ್ಲ, ನಮ್ಮ ನಿಮ್ಮಂಥವರ ಮಕ್ಕಳು.

2025ರ ಆಗಸ್ಟಿನಲ್ಲಿ ಅಭಿಮಾನ್ ಸ್ಟುಡಿಯೋದಲ್ಲಿದ್ದ ವಿಷ್ಣು ಸಮಾಧಿಯನ್ನು ರಾತ್ರೋರಾತ್ರಿ ಕೆಡವಿದಾಗ ಬಾವಿ ಕಡೆ ರೂಮಿನವರು ಊಟ ಬಿಟ್ಟಿರಂತೆ, ಮೂಲೆ ರೂಮಿನವರು ಚೇಷ್ಟೆ ಮಾಡಿದಿರಂತೆ. ತಟ್ಟೆ ಹಾರಿದ್ದರ ಮೂಲ ಅಲ್ಲಿದೆ ಅಂತ ಗೊತ್ತಾಯಿತು. ಚೇಷ್ಟೆ ಮಾಡಿದ್ದು ತಪ್ಪು. ಸತ್ತವರಿಗೆ ಮೂರು ಮೊಳ ನೆಲ ಸಿಗದೆ ಹೋಗೋದು ಏನು ಅಂತ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿರಬೇಕು. ಹೆಣ ಹೊತ್ತುಕೊಂಡು ಹಳ್ಳದ ದಂಡೆಗೆ, ಯಾರದೋ ತೋಟದ ಬೇಲಿ ಪಕ್ಕಕ್ಕೆ ಹೋದವರು ಈ ರೂಮಿನಲ್ಲೂ ಇದ್ದೀರಿ, ಆ ರೂಮಿನಲ್ಲೂ ಇದ್ದೀರಿ. ಕೈ ಎತ್ತಿ ಅಂತ ಕೇಳೋದಿಲ್ಲ.

ಯಾರು ದೊಡ್ಡವರು ಅಂತ ಇನ್ನೂ ಹೇಳಲಿಲ್ಲ ಅಂತ ಹಿಂದಿನಿಂದ ಯಾರೋ ಕೂಗಿದರು. ಹೇಳ್ತೀವಿ, ಜಾರಿಕೊಳ್ಳೋದಿಲ್ಲ. ನಟನೆಯ ಹರವು, ಭಾಷೆಯ ಮೇಲಿನ ಹಿಡಿತ, ಇವುಗಳಲ್ಲಿ ರಾಜ್‌ಕುಮಾರ್. ಸಾಟಿ ಇಲ್ಲ. ಆದರೆ ರಾತ್ರಿ ಲೈಟು ಆರಿಸಿದ ಮೇಲೆ, ಮನೆ ನೆನಪಾದಾಗ, ನಮಗೆ ಕಾಣೋ ಮುಖ ವಿಷ್ಣುದು. ಇದಕ್ಕೆ ಕಾರಣ ಕೇಳಬೇಡಿ.

ಇನ್ನು ನಿಮ್ಮ ಸರದಿ. ಮಾತು ಬಿಟ್ಟ ಆ ಇಬ್ಬರು ಮುಂದೆ ಬಂದು ಮೊದಲು ಮಾತಾಡಲಿ. 'ಗಂಧದ ಗುಡಿ'ಯ ಕೊನೆ ಹೇಗಿರಬೇಕಿತ್ತು ಅನ್ನೋದನ್ನು ಒಬ್ಬ ಅಣ್ಣನ ಕಡೆಯಿಂದ, ಒಬ್ಬ ತಮ್ಮನ ಕಡೆಯಿಂದ ಹೇಳಲಿ. ತಟ್ಟೆಗಳನ್ನು ಮಾತ್ರ ಆ ಕಡೆ ಎತ್ತಿಡಿ.