ಶಿಶಿರದಲ್ಲಿ ಒಂದು ಕೊಳ



ಚಳಿಗಾಲವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವದು ಹಿಂಗಾರಿ ಜೋಳದ ಮೇಲಣ ಇಬ್ಬನಿ. ಹೆಚ್ಚೆಂದರೆ ಹೆಗಲ ಮೇಲೊಂದು ಕಂಬಳಿ. ಕೆರೆಯ ನೀರು ಕಲ್ಲಿನಂತಾಗಿ ಅದರ ಮೇಲೆ ಬಂಡಿ ಹೊಡೆಯಬಹುದಾದಂಥ ಚಳಿಯನ್ನು ನಾವು ಕಂಡವರಲ್ಲ. ಅಂಥ ಚಳಿಯಲ್ಲಿದ್ದು ಸೃಷ್ಟಿಯನ್ನು ಓದಿಕೊಂಡ ಅಮೇರಿಕದ ಗ್ರಂಥಕಾರ ಹೆನ್ರಿ ಡೇವಿಡ್ ಥೋರೋನನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಅನ್ಯಾಯದ ಕಾನೂನಿಗೆ ತಲೆಬಾಗಬಾರದೆಂಬ ಆತನ ಪ್ರಬಂಧವನ್ನು ಗಾಂಧೀಜಿಯವರು ಮೆಚ್ಚಿದ್ದರಿಂದ ಆತನ ಹೆಸರು ನಮ್ಮವರಿಗೆ ಹೊಸದಲ್ಲ. ಆದರೆ ಆತನ ದಿನಗಳು ಹೆಚ್ಚಾಗಿ ಕಳೆದದ್ದು ಸರಕಾರದೊಡನೆ ಹೋರಾಡುವದರಲ್ಲಲ್ಲ; ಅಡವಿಯಲ್ಲಿ, ಹೊಳೆಯ ದಂಡೆಯಲ್ಲಿ, ಕೊಳದ ತಡಿಯಲ್ಲಿ.

ಮಸಾಚುಸೆಟ್ಸ್ ಪ್ರಾಂತದ ಕಾಂಕರ್ಡ್ ಊರಿನ ಬಳಿ ವಾಲ್ಡನ್ ಎಂಬ ಕೊಳವಿರುವದು. ಅದರ ತಡಿಯಲ್ಲಿ ತಾನೇ ಕಟ್ಟಿದ ಸಣ್ಣ ಮನೆಯಲ್ಲಿ ಆತನು 1845ರ ಜುಲೈ 4ರಿಂದ ಎರಡು ವರುಷಕ್ಕೆ ಮಿಕ್ಕಿ ಒಬ್ಬನೇ ವಾಸಿಸಿದನು. ಆ ಕೊಳಕ್ಕೆ ತಳವೇ ಇಲ್ಲವೆಂದು ಅನೇಕರು ನಂಬಿದ್ದರು. ನಮ್ಮ ಊರುಗಳ ಮಡುಗಳ ವಿಷಯದಲ್ಲಿ ಇಂಥ ಮಾತನ್ನು ಕೇಳದವರು ಈ ಸಭೆಯಲ್ಲಿ ಯಾರಿದ್ದಾರೆ? ಥೋರೋ ವಾದ ಹೂಡಲಿಲ್ಲ. 1846ರ ಆರಂಭದಲ್ಲಿ, ಮಂಜುಗಡ್ಡೆ ಒಡೆಯುವ ಮೊದಲೇ, ದಿಕ್ಸೂಚಿ, ಸರಪಳಿ, ಮೀನುಗಾರರ ಹುರಿ, ಒಂದೂವರೆ ಪೌಂಡಿನ ಕಲ್ಲು, ಇಷ್ಟನ್ನು ಹಿಡಿದು ಹೊರಟನು. ನೂರಕ್ಕಿಂತ ಹೆಚ್ಚು ಕಡೆ ಆಳ ನೋಡಿದನು. ಎಲ್ಲಕ್ಕಿಂತ ಆಳವಾದ ಸ್ಥಳ 102 ಅಡಿ! ಈಚಿನವರ ಅಳತೆಯೂ ಇದಕ್ಕೆ ಹೊಂದುವದು. ಬೇಸಗೆಯಲ್ಲಿ ದೋಣಿ ಅಲುಗಾಡುವದು, ಗುರುತು ತಪ್ಪುವದು. ಚಳಿಗಾಲವಾದರೋ ನೀರಿನ ಮೇಲೆ ಗಟ್ಟಿಯಾದ ನೆಲವನ್ನೇ ಹಾಸಿಕೊಟ್ಟಿತು. ಎಲ್ಲವೂ ಸತ್ತಂತೆ ತೋರುವ ಋತುವಿನಲ್ಲಿಯೇ ಕೊಳವು ತನ್ನ ಗುಟ್ಟನ್ನು ಬಿಟ್ಟುಕೊಟ್ಟಿತು.

ಮರುವರುಷದ ಚಳಿಗಾಲಕ್ಕೆ ಬೇರೆ ತರದ ಅಳತೆಯವರು ಬಂದರು. ನೂರು ಜನ ಕೂಲಿಗಳು ಹದಿನಾರು ದಿನ ಮಂಜುಗಡ್ಡೆಯನ್ನು ಕೊಯ್ದು, ದಂಡೆಯಲ್ಲಿ 35 ಅಡಿ ಎತ್ತರದ ರಾಶಿಯನ್ನು ಒಟ್ಟಿದರು. ಅದು ಹತ್ತು ಸಾವಿರ ಟನ್ನಿನಷ್ಟೆಂದು ಅಂದಾಜು. ಈ ವ್ಯಾಪಾರದ ಕೊನೆಯ ತುದಿ ನಮ್ಮ ದೇಶದಲ್ಲಿದ್ದಿತು. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬವನು 1833ರಲ್ಲಿ 180 ಟನ್ ಮಂಜುಗಡ್ಡೆಯನ್ನು ಹಡಗಿನಲ್ಲಿಟ್ಟು ಕಲಕತ್ತೆಗೆ ಕಳುಹಿಸಿದ್ದನು. ನಾಲ್ಕು ತಿಂಗಳ ಪ್ರಯಾಣದ ಮೇಲೆ ಸುಮಾರು 100 ಟನ್ ಕರಗದೆ ಉಳಿದಿತ್ತು. ಮದ್ರಾಸಿನ ಕಡಲದಂಡೆಯ 'ಐಸ್ ಹೌಸ್' ಇದೇ ಸರಕಿಗಾಗಿ ಕಟ್ಟಿದ ಉಗ್ರಾಣ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡವೂ ಅದೇ.

ಬೆಳಗಿನಲ್ಲಿ ಭಗವದ್ಗೀತೆಯನ್ನೋದುತ್ತಿದ್ದ ಥೋರೋ, ತನ್ನ ಕೊಳದ ನೀರು ಗಂಗೆಯ ನೀರಿನೊಡನೆ ಬೆರೆಯುವದೆಂದು ಕಲ್ಪಿಸಿ ಹಿಗ್ಗಿದನು. ಕಲ್ಪನೆಯು ರಮ್ಯವಾದದ್ದೇ ಸರಿ. ಆದರೆ ಆ ರಾಶಿಯು ಪೇಟೆಯ ಮುಖವನ್ನೇ ಕಾಣಲಿಲ್ಲ. ಹುಲ್ಲು ಹಲಗೆಗಳ ಮರೆಯಲ್ಲಿದ್ದು, 1848ರ ಸಪ್ಟೆಂಬರದ ಹೊತ್ತಿಗೆ ಕರಗಿ, ಬಹುಭಾಗವು ಕೊಳಕ್ಕೇ ಮರಳಿತು. ಇದನ್ನೂ ಬರೆದಿಟ್ಟವನು ಆತನೇ. ಆತನ ಈ ಪ್ರಾಮಾಣಿಕತೆ ನಮಗೆ ಆ ಕಲ್ಪನೆಗಿಂತಲೂ ಹೆಚ್ಚು ಹಿಡಿಸಿದೆ.

ಈ ಚಳಿಗಾಲದ ವ್ಯಾಸಂಗಕ್ಕೆ ಆತನು ತೆತ್ತ ಬೆಲೆ ಸಣ್ಣದಲ್ಲ. 1860ರ ಡಿಸೆಂಬರದಲ್ಲಿ ಕಡಿದ ಮರಗಳ ಬೊಡ್ಡೆಗಳ ಮೇಲಣ ಉಂಗುರಗಳನ್ನು ಎಣಿಸುತ್ತಿದ್ದಾಗ ನೆಗಡಿ ಹಿಡಿಯಿತು. ಮೊದಲೇ ಕ್ಷಯದ ಸೋಂಕಿದ್ದ ಎದೆ ಚೇತರಿಸಿಕೊಳ್ಳಲಿಲ್ಲ. 1862ರ ಮೇ 6ರಂದು ತನ್ನ 44ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಉಳಿದದ್ದು ದಿನಚರಿಯ ಪುಸ್ತಕಗಳು. ಕೊಳದ ಮಂಜು ಪೂರ್ತಿ ಬಿಟ್ಟ ದಿನವನ್ನು ಆತನು ಗುರುತಿಸಿಡುತ್ತಿದ್ದನು: 1845ರಲ್ಲಿ ಏಪ್ರಿಲ್ 1, 1846ರಲ್ಲಿ ಮಾರ್ಚ್ 25, 1847ರಲ್ಲಿ ಏಪ್ರಿಲ್ 8. ಯಾತಕ್ಕೆ ಬಂತು ಈ ತಾರೀಖುಗಳ ಪಟ್ಟಿಯೆಂದು ನೆರೆಯವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ನೂರೈವತ್ತು ವರುಷಗಳ ಮೇಲೆ ಬೋಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಎಂಬ ಸಸ್ಯಶಾಸ್ತ್ರಜ್ಞರು ಅದೇ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಅದೇ ಕೊಳದ ದಂಡೆಗೆ ಹೋದರು. ಮಂಜು ಈಗ ಸರಾಸರಿ ಸುಮಾರು ಎರಡು ವಾರ ಮುಂಚಿತವಾಗಿಯೇ ಬಿಡುತ್ತಿರುವದೆಂದು ಅವರಿಗೆ ಕಂಡುಬಂದಿತು.